ಕಿಟಕಿಯೋ ನಡುದಾರಿಯೋ: ದಾಕ್ಷಿಣ್ಯದ ಲೆಕ್ಕ

ಬಹಳ ವರ್ಷ ನಾನು ಕಿಟಕಿಯ ಪಕ್ಷದವನಾಗಿದ್ದೆ. ವಿಮಾನದ ಸೀಟು ಆರಿಸುವ ಪುಟ ತೆರೆದ ಕೂಡಲೇ ಬೆರಳು ತಾನಾಗಿ ಕಿಟಕಿ ಬದಿಯ ‘ಎ’ ಅಥವಾ ‘ಎಫ್’ ಮೇಲೆ ಹೋಗಿ ಕೂರುತ್ತಿತ್ತು. ಪಕ್ಷಾಂತರ ಮಾಡಿಸಿದ್ದು ಒಂಬತ್ತು ಗಂಟೆ ಹಿಡಿದ ಒಂದು ರಾತ್ರಿ ಪ್ರಯಾಣ.

ಅಂದು ನನ್ನದು ಕಿಟಕಿ, ಪಕ್ಕದ ನಡು ಸೀಟಿನಲ್ಲಿ ಒಬ್ಬ ಯುವಕ, ಅವನಾಚೆ ನಡುದಾರಿಗೆ ಅಂಟಿಕೊಂಡ ಐಲ್ ಸೀಟಿನಲ್ಲಿ ಒಬ್ಬರು ಹಿರಿಯರು. ದೀಪ ಆರಿದ ಅರ್ಧ ಗಂಟೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿದರು. ಮೂರನೆಯ ಗಂಟೆಯ ಹೊತ್ತಿಗೆ ನನಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಹಿರಿಯರ ಮುಂದೆ ಟ್ರೇ ಬಿಚ್ಚಿಕೊಂಡೇ ಇತ್ತು. ಅದರ ಮೇಲೆ ಅರ್ಧ ಲೋಟ ನೀರು, ಮಡಿಸಿಟ್ಟ ಕನ್ನಡಕ. ಯುವಕನ ಹೊದಿಕೆಯ ಅಂಚು ನನ್ನ ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಇನ್ನು ಹತ್ತು ನಿಮಿಷ ನೋಡೋಣ ಎಂದುಕೊಂಡೆ. ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು. ಎದುರಿನ ಪರದೆಯ ಭೂಪಟದಲ್ಲಿ ಪುಟ್ಟ ವಿಮಾನ ಕದಲುತ್ತದೆಯೇ ಎಂದು ನೋಡುತ್ತಾ, ಮೊಣಕಾಲುಗಳನ್ನು ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದೆ. ಕೊನೆಗೆ ತಡೆಯಲಾರದೆ ಯುವಕನ ಭುಜ ಮುಟ್ಟಿದರೆ ಅವನು ತಟ್ಟನೆ ಕಣ್ಣು ಬಿಟ್ಟು, “ನೀವು ಯಾವಾಗ ಏಳುತ್ತೀರೋ ಎಂದು ನಾನೂ ಕಾಯುತ್ತಿದ್ದೆ ಸರ್” ಎಂದ. ಅವನಿಗೂ ಹಿರಿಯರನ್ನು ಎಬ್ಬಿಸಲು ಸಂಕೋಚ. ಒಂದೂವರೆ ಗಂಟೆ ಇಬ್ಬರೂ ಅಕ್ಕಪಕ್ಕದಲ್ಲೇ ಒಂದೇ ವ್ರತ ಹಿಡಿದಿದ್ದೆವು.

ಆಮೇಲೆ ಬೇಕೆಂದೇ ಎರಡೂ ಬದಿಗಳನ್ನು ಬದಲಾಯಿಸಿ ಬದಲಾಯಿಸಿ ಕುಳಿತು ನೋಡಿದ್ದೇನೆ. ನಡು ಸೀಟಿನ ಮಾತು ಇಲ್ಲಿ ಬೇಡ. ಅದು ಅತ್ತ ದರಿ, ಇತ್ತ ಪುಲಿ; ಯಾರೂ ಆರಿಸಿಕೊಳ್ಳುವುದಿಲ್ಲ, ಹಣೆಯಲ್ಲಿ ಬರೆದಿದ್ದರೆ ಸಿಗುತ್ತದೆ.

ಕಿಟಕಿಯ ಪರವಾಗಿ ಎಲ್ಲರೂ ಮೊದಲು ಹೇಳುವುದು ನೋಟ. ನಿಜವೇ. ಆದರೆ ನೆಲ ಬಿಟ್ಟ ಕಾಲು ಗಂಟೆ, ನೆಲ ಮುಟ್ಟುವ ಮುಂಚಿನ ಕಾಲು ಗಂಟೆ ಕಳೆದರೆ ಉಳಿದ ಹೊತ್ತೆಲ್ಲ ಬಿಳುಪು ಅಥವಾ ಕಪ್ಪು. ಹೀಗೆ ಹೇಳುವ ನಾನೂ ಒಂದೇ ಒಂದು ನೋಟಕ್ಕಾಗಿ ಕಾಲಿನ ಸುಖವನ್ನು ಈಗಲೂ ಬಿಟ್ಟುಕೊಡಬಲ್ಲೆ. ವಿಮಾನ ಮೋಡದ ಹಾಸಿನ ಮೇಲೆ ಸಾಗುವಾಗ ಸೂರ್ಯ ಆಚೆ ಬದಿಗಿದ್ದರೆ ಈಚೆ ಬದಿಯ ಮೋಡದ ಮೇಲೆ ವಿಮಾನದ ನೆರಳು ಬೀಳುತ್ತದೆ. ಆ ನೆರಳಿನ ಸುತ್ತ ಬಣ್ಣದ ಬಳೆಗಳು: ಹೊರ ಅಂಚು ಕೆಂಪು, ಒಳಗೆ ನೀಲಿ, ಅದೃಷ್ಟವಿದ್ದರೆ ಒಂದರೊಳಗೊಂದು ಎರಡು ಮೂರು ಸುತ್ತು. ಇಂಗ್ಲಿಷಿನವರು ‘ಗ್ಲೋರಿ’ ಎನ್ನುತ್ತಾರೆ; ನಮ್ಮಲ್ಲಿ ಪ್ರಭಾವಳಿ ಎಂಬ ಶಬ್ದ ಸಿದ್ಧವಾಗಿಯೇ ಇದೆ. ಮೋಡದ ಸಣ್ಣ ನೀರಹನಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಚೆದುರಿಸುವುದರಿಂದ ಹೀಗೆ ಕಾಣುತ್ತದೆ. ವಿಮಾನ ಕೆಳಕ್ಕಿಳಿದು ನೆರಳು ದೊಡ್ಡದಾದಾಗ ಗಮನವಿಟ್ಟು ನೋಡಿದರೆ ಇನ್ನೊಂದು ಸೋಜಿಗ ಕಾಣುತ್ತದೆ. ಬಳೆಗಳ ನಟ್ಟನಡುವೆ ಇರುವುದು ಇಡೀ ವಿಮಾನವಲ್ಲ, ಆ ನೆರಳಿನಲ್ಲಿ ನಾವು ಕುಳಿತ ಜಾಗ. ಹತ್ತು ಸಾಲು ಹಿಂದೆ ಕುಳಿತವರಿಗೆ ಅದು ಅವರದೇ ಸಾಲಿನ ಸುತ್ತ ಕಾಣುತ್ತದೆ. ಪ್ರತಿಯೊಬ್ಬರಿಗೂ ಅವರವರ ಪ್ರಭಾವಳಿ! ಐಲ್ ಸೀಟಿನಲ್ಲಿ ಕುಳಿತವರಿಗೆ ಈ ದೈವತ್ವ ದಕ್ಕುವುದಿಲ್ಲ.

ಇದು ಬೇಕಿದ್ದರೆ ಯಾವುದೋ ಒಂದು ಕಿಟಕಿ ಹಿಡಿದರೆ ಸಾಲದು. ಸೂರ್ಯನಿಗೆ ಬೆನ್ನು ಹಾಕಿದ ಬದಿ ಬೇಕು. ಬೆಳಿಗ್ಗೆ ಉತ್ತರಕ್ಕೆ ಹೋಗುವ ವಿಮಾನದಲ್ಲಿ ಸೂರ್ಯ ಬಲಕ್ಕಿರುತ್ತಾನೆ, ಹಾಗಾಗಿ ಎಡಗಡೆಯ ‘ಎ’. ನಾನು ಮೊದಮೊದಲು ಇದನ್ನು ಯೋಚಿಸದೆ ಬಿಸಿಲಿನ ಬದಿ ಹಿಡಿದು, ಕೆನ್ನೆ ಸುಡಿಸಿಕೊಂಡು, ಕೊನೆಗೆ ಪರದೆ ಎಳೆದು ಗೋಡೆ ನೋಡುತ್ತಾ ಪ್ರಯಾಣ ಮಾಡಿದ್ದುಂಟು. ರೆಕ್ಕೆಯ ಮೇಲಿನ ಸಾಲುಗಳಲ್ಲಿ ಕುಲುಕಾಟ ಕಡಿಮೆ, ಆದರೆ ಕೆಳಗೆ ನೋಡಿದರೆ ಬರೀ ತಗಡು. ರೆಕ್ಕೆಯ ಹಿಂದೆ ಕುಳಿತರೆ ಎಂಜಿನಿನ ಬಿಸಿಗಾಳಿ ನೆಲದ ನೋಟವನ್ನು ನೀರಿನೊಳಗಿಂದ ಕಂಡಂತೆ ನಡುಗಿಸುತ್ತದೆ. ಮುಂದಿನ ಸಾಲುಗಳೇ ವಾಸಿ. ಸಣ್ಣ ಊರುಗಳಿಗೆ ಹೋಗುವ ಎಟಿಆರ್ ವಿಮಾನಗಳಲ್ಲಿ ಈ ಚಿಂತೆಯಿಲ್ಲ, ಅವುಗಳ ರೆಕ್ಕೆ ತಲೆಯ ಮೇಲಿರುತ್ತದೆ.

ಮತ್ತೆ, ಕಿಟಕಿ ಸೀಟಿಗೆ ಕಿಟಕಿ ಇದ್ದೇ ಇರುತ್ತದೆ ಎಂದು ನಂಬಬೇಡಿ. ನನಗೊಮ್ಮೆ ಸಿಕ್ಕಿದ್ದು ಬೋಳು ಗೋಡೆ. ತಂಪುಗಾಳಿಯ ಕೊಳವೆ ಗೋಡೆಯೊಳಗೆ ಮೇಲಕ್ಕೆ ಹೋಗುವ ಜಾಗದಲ್ಲಿ ಕಿಟಕಿ ಕೊರೆಯಲಾಗದು. ಕೆಲವು ಮಾದರಿಗಳಲ್ಲಿ ಆ ಜಾಗಕ್ಕೂ ಒಂದು ಸಾಲು ಬಂದುಬಿಡುತ್ತದೆ. ಮುಂದಿನವರ ಕಿಟಕಿಯ ಹಿಂಬದಿಯಿಂದ ಒಂದು ಸೀಳು ಆಕಾಶ ನೋಡುತ್ತಾ ಕುಳಿತಿದ್ದೆ.

ಕಿಟಕಿಯ ನಿಜವಾದ ಸುಖ ನೋಟವಲ್ಲ, ಗೋಡೆ. ಹೊದಿಕೆಯನ್ನು ಸುರುಳಿ ಸುತ್ತಿ ಗೋಡೆಗೆ ಇಟ್ಟು ತಲೆಯಾನಿಸಿದರೆ ಕುತ್ತಿಗೆಗೆ ಒಂದು ಆಸರೆ. ಯಾರೂ ದಾಟಿ ಹೋಗುವುದಿಲ್ಲ, ಯಾರೂ ಎಬ್ಬಿಸುವುದಿಲ್ಲ. ಗೋಡೆ ತಣ್ಣಗಿರುತ್ತದೆ ಎಂಬುದು ಸರಿ. 35,000 ಅಡಿ ಎತ್ತರದಲ್ಲಿ ಹೊರಗೆ ಮೈನಸ್ 54 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಅದರ ನೆನಪು ಒಳಗಿನ ಭುಜಕ್ಕೂ ಮುಟ್ಟುತ್ತದೆ. ನಿದ್ದೆ ಬಾರದಿದ್ದರೆ ಕಿಟಕಿಯ ಕೆಳಭಾಗದ ಸಣ್ಣ ರಂಧ್ರವನ್ನು ನೋಡಬಹುದು. ಮೂರು ಪದರಗಳಲ್ಲಿ ನಡುವಿನದಕ್ಕೆ ಕೊರೆದ ತೂತು ಅದು. ಒಳಗಿನ ಒತ್ತಡವನ್ನು ಹೊರ ಪದರವೇ ಹೊರುವಂತೆ ಮಾಡುವುದು ಅದರ ಕೆಲಸ. ಅದರ ಸುತ್ತ ಹಿಮದ ಎಳೆಗಳು ಜರಿಯ ಅಂಚಿನಂತೆ ಹಬ್ಬುತ್ತಾ ಹೋಗುವುದನ್ನು ನಾನು ಒಮ್ಮೆ ಮುಕ್ಕಾಲು ಗಂಟೆ ನೋಡಿದ್ದೇನೆ.

ಐಲ್ ಸೀಟಿನಲ್ಲಿ ನೋಡುವುದಕ್ಕೆ ಏನೂ ಇಲ್ಲ. ಅಲ್ಲಿ ಸಿಗುವುದು ಸ್ವಾತಂತ್ರ್ಯ. ಬೇಕೆಂದಾಗ ಎದ್ದೆ, ಹಿಂದಿನವರೆಗೆ ನಡೆದೆ, ಮೈ ಮುರಿದೆ, ಮತ್ತೆ ಬಂದು ಕುಳಿತೆ. ಯಾರಲ್ಲೂ ಕ್ಷಮೆ ಕೇಳಲಿಲ್ಲ. ಮೊದಲ ಸಲ ಇದನ್ನು ಅನುಭವಿಸಿದಾಗ, ಏಳಬೇಕಾದ ಅಗತ್ಯವೇ ಕಡಿಮೆಯಾದದ್ದು ಗಮನಕ್ಕೆ ಬಂತು. ಬಾಗಿಲು ತೆರೆದಿದ್ದರೆ ಹೊರಗೆ ಹೋಗುವ ಆತುರವಿರುವುದಿಲ್ಲ ನೋಡಿ. ನೀರನ್ನೂ ಲೆಕ್ಕ ಹಾಕದೆ ಕುಡಿಯಬಹುದು. ಒಣಗಾಳಿಯಲ್ಲಿ ಗಂಟಲು ಒಣಗುತ್ತಿದ್ದರೂ ಕಿಟಕಿಯ ಬಳಿ ಗುಟುಕು ಎಣಿಸಿ ಕುಡಿಯುತ್ತಿದ್ದವನಿಗೆ ಇದೇನು ಸಣ್ಣ ಸುಖವಲ್ಲ.

ಸ್ವಾತಂತ್ರ್ಯದ ಬೆಲೆ ಮೊಣಕೈ ತೆರುತ್ತದೆ. ಅಮೆರಿಕದ ನಿಯಮದಂತೆ ದೊಡ್ಡ ಪ್ರಯಾಣಿಕ ವಿಮಾನದ ನಡುದಾರಿ ನೆಲದಿಂದ 25 ಇಂಚಿನವರೆಗೆ ಕನಿಷ್ಠ 15 ಇಂಚು ಅಗಲವಿದ್ದರೆ ಸಾಕು. ಅದರ ಮೇಲೆ 20 ಇಂಚು. ಊಟದ ಟ್ರಾಲಿಯ ಅಗಲ ಸುಮಾರು 12 ಇಂಚು. ದಾರಿ ಅಷ್ಟು ಕಿರಿದಾಗಿದ್ದರೆ ಎಡಕ್ಕೆ ಒಂದೂವರೆ, ಬಲಕ್ಕೆ ಒಂದೂವರೆ ಇಂಚು ಉಳಿಯಿತು. ತೂಕಡಿಸುವವನ ಮೊಣಕೈ ಸೀಟಿನ ಕೈಯಿಂದ ಹೊರಚಾಚುವುದೂ ಸರಿಸುಮಾರು ಅಷ್ಟೇ. ನನ್ನ ಮೊಣಕೈಗೆ ಟ್ರಾಲಿ ಬಡಿದಾಗ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಯಿತು. ಗಗನಸಖಿ ಪಾಪ ಮೂರು ಸಲ ಕ್ಷಮೆ ಕೇಳಿದರು. ಹಿಂದಿರುಗುವಾಗ ಅದೇ ಟ್ರಾಲಿ ಅದೇ ಮೊಣಕೈಗೆ ಮತ್ತೆ ತಗುಲಿತು.

ಟ್ರಾಲಿ ಹೋದರೆ ಜನ. ದಾರಿಯಲ್ಲಿ ನಡೆಯುವವರೆಲ್ಲ ತೋಲ ತಪ್ಪಿದಾಗ ಹಿಡಿಯುವುದು ನಿಮ್ಮ ತಲೆಯ ಹಿಂದಿನ ಸೀಟನ್ನೇ. ತಲೆ ಮೇಲಿನ ಕಪಾಟಿನಿಂದ ಚೀಲ ಇಳಿಸುವವರ ಹೊಟ್ಟೆ ನಿಮ್ಮ ಮೂಗಿನ ಎದುರು. ಇವಕ್ಕಿಂತ ದೊಡ್ಡದು ಕಾವಲಿನ ಕೆಲಸ. ಐಲ್ ಸೀಟಿನವರು ಆ ಸಾಲಿನ ಜಯ ವಿಜಯರು. ಒಳಗಿನವರು ಹೋಗುವಾಗ ಏಳಬೇಕು, ಬರುವಾಗ ಮತ್ತೆ ಏಳಬೇಕು. ಒಳಗಿನಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೊರಟರೆ ನಾಲ್ಕು ಸಲ. ಇದು ನನ್ನ ಅನುಭವದ ಎಣಿಕೆ, ಗೊಣಗಾಟವಲ್ಲ. ಯಾರದೋ ನಿದ್ದೆ ನಾನು ಕೆಡಿಸುವುದಕ್ಕಿಂತ ನನ್ನ ನಿದ್ದೆ ಇನ್ನೊಬ್ಬರು ಕೆಡಿಸುವುದೇ ನನಗೆ ಸಲೀಸು.

ಒಂದು ಗುಟ್ಟು ಮಾತ್ರ ಐಲ್ ಸೀಟಿನವರೆಲ್ಲ ತಿಳಿದಿರಬೇಕು. ದಾರಿ ಬದಿಯ ಸೀಟಿನ ಕೈ ಮೇಲೇಳುವುದಿಲ್ಲ ಎಂದೇ ಹೆಚ್ಚಿನವರು ಭಾವಿಸಿದ್ದಾರೆ. ಅನೇಕ ವಿಮಾನಗಳಲ್ಲಿ ಅದರ ಅಡಿಯಲ್ಲಿ, ಹಿಂಭಾಗದ ಕೀಲಿನ ಹತ್ತಿರ, ಕಣ್ಣಿಗೆ ಕಾಣದ ಗುಂಡಿಯೊಂದಿರುತ್ತದೆ. ಬೆರಳಿನಿಂದ ತಡಕಿ ಒತ್ತಿದರೆ ಕೈ ಮೇಲಕ್ಕೆ ಮಡಚಿಕೊಳ್ಳುತ್ತದೆ.

ಹತ್ತುವ ಇಳಿಯುವ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಯುನೈಟೆಡ್ ಏರ್‌ಲೈನ್ಸ್ 2023ರಲ್ಲಿ ಸಾಮಾನ್ಯ ದರ್ಜೆಯಲ್ಲಿ ಕಿಟಕಿಯವರನ್ನು ಮೊದಲು, ನಡುವಿನವರನ್ನು ಆಮೇಲೆ, ಐಲ್‌ನವರನ್ನು ಕೊನೆಗೆ ಹತ್ತಿಸುವ ಪದ್ಧತಿ ತಂದಿತು. ಇಂಥ ಕಡೆ ಐಲ್‌ನವರಿಗೆ ಕಪಾಟಿನಲ್ಲಿ ಜಾಗ ಸಿಗುವುದು ಕಷ್ಟ. ಇಳಿಯುವಾಗ ಅವರೇ ಮೊದಲು, ಆದರೆ ಬಾಗಿಲು ತೆರೆಯುವವರೆಗೆ ಕತ್ತು ಬಗ್ಗಿಸಿ ನಿಂತಿರುವುದನ್ನು ಲಾಭವೆನ್ನಲು ನನಗೆ ಮನಸ್ಸಿಲ್ಲ.

ಆರೋಗ್ಯದ ಮಾತು ಬಂದರೆ ತಕ್ಕಡಿ ಅತ್ತಿತ್ತ ತೂಗುತ್ತದೆ. ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕದಲದೆ ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಹಾಗಿದ್ದೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. 2012ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ದೂರ ಪ್ರಯಾಣದ ಅಪಾಯಗಳ ಪಟ್ಟಿಯಲ್ಲಿ ಕಿಟಕಿ ಸೀಟನ್ನೂ ಸೇರಿಸಿತು. ಸೀಟಿಗೆ ದೋಷವಿಲ್ಲ, ಅಲ್ಲಿ ಕುಳಿತವರು ಏಳುವುದಿಲ್ಲ ಎಂಬುದೇ ಕಾರಣ. ಇನ್ನೊಂದೆಡೆ, ಎಮೊರಿ ವಿಶ್ವವಿದ್ಯಾಲಯ ಮತ್ತು ಜಾರ್ಜಿಯಾ ಟೆಕ್ ಸಂಶೋಧಕರು 10 ಹಾರಾಟಗಳಲ್ಲಿ ಕುಳಿತು ಯಾರು ಎಷ್ಟು ಓಡಾಡುತ್ತಾರೆಂದು ಬರೆದುಕೊಂಡು 2018ರಲ್ಲಿ ಪ್ರಕಟಿಸಿದರು. ಐಲ್‌ನವರಲ್ಲಿ ಶೇ 80ರಷ್ಟು ಮಂದಿ ಒಮ್ಮೆಯಾದರೂ ಎದ್ದಿದ್ದರು, ಕಿಟಕಿಯವರಲ್ಲಿ ಶೇ 43. ಹಾಗೆ ಏಳದವರಿಗೆ ಇತರರ ಸಂಪರ್ಕವೂ ಕಡಿಮೆ, ಕೆಮ್ಮು ನೆಗಡಿ ಅಂಟುವ ಸಂಭವವೂ ಕಡಿಮೆ. ಏಳದೆ ಉಳಿದ ಆ ಶೇ 57ರಲ್ಲಿ ಏಳಬೇಕೆನಿಸಿಯೂ ಸುಮ್ಮನೆ ಕುಳಿತವರು ಎಷ್ಟು ಮಂದಿಯೋ. ನನಗಂತೂ ಅವರೆಲ್ಲರ ಮುಖಪರಿಚಯವಿದ್ದಂತೆ ಅನಿಸುತ್ತದೆ.

ಹೀಗಾಗಿ ಈಗ ನಾನು ಮೊದಲು ನೋಡುವುದು ವಿಮಾನದ ಸಾಲು ಎಷ್ಟು ಸೀಟಿನದು ಎಂದು. ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಆದರೆ ಆಚೆ ಮೂರು, ಈಚೆ ಮೂರು. ಕಿಟಕಿಯವನು ಇಬ್ಬರನ್ನು ದಾಟಬೇಕು, ಐಲ್‌ನವನು ಇಬ್ಬರಿಗೆ ಏಳಬೇಕು, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅಗಲದ ವಿಮಾನಗಳಲ್ಲಿ ನಡುದಾರಿ ಎರಡಿರುವುದರಿಂದ ಒಳದಾರಿಗಳುಂಟು. 787 ಅಥವಾ ಎ350ರಲ್ಲಿ ಸಾಮಾನ್ಯವಾಗಿ ಮೂರು, ಮೂರು, ಮೂರು. ನಡುವಿನ ಮೂರರ ತುದಿಯ ಸೀಟು ಹಿಡಿದರೆ ನಿಮ್ಮನ್ನು ಎಬ್ಬಿಸಬಹುದಾದವರು ಒಬ್ಬರೇ, ಅವರಿಗೂ ಆ ಕಡೆಯಿಂದ ಹೋಗುವ ಆಯ್ಕೆ ಇದೆ. ನೀವು ಎಚ್ಚರವಿದ್ದಂತೆ ಕಾಣದಿದ್ದರೆ ಅವರು ಆ ಕಡೆಯವರ ಕಡೆಗೇ ತಿರುಗುತ್ತಾರೆ. (ಕಣ್ಣು ಮುಚ್ಚಿಕೊಳ್ಳುವ ಕಲೆಯನ್ನು ನಾನು ಆ ಯುವಕನಿಂದ ಕಲಿತೆ.) ಎ330ರಲ್ಲಿ ಸಾಮಾನ್ಯವಾಗಿ ಎರಡು, ನಾಲ್ಕು, ಎರಡು. ಅಲ್ಲಿ ಕಿಟಕಿಗೆ ಒಬ್ಬರೇ ನೆರೆಯವರು; ದೂರದ ಪ್ರಯಾಣದಲ್ಲೂ ಕಿಟಕಿ ಹಿಡಿಯಬಹುದಾದ ವಿಮಾನವೆಂದರೆ ನನ್ನ ಮಟ್ಟಿಗೆ ಅದೇ.

ಕುಳಿತ ಕೂಡಲೇ ನಿದ್ದೆ ಹೋಗಿ ಗಾಲಿ ನೆಲಕ್ಕೆ ತಾಗಿದಾಗ ಏಳುವವರಿಗೆ ಈ ಲೆಕ್ಕ ಯಾವುದೂ ಬೇಡ. ಅವರು ಕಣ್ಣು ಮುಚ್ಚಿ ಕಿಟಕಿ ತೆಗೆದುಕೊಳ್ಳಲಿ. ಹಾಗೆಯೇ ಮಲಗಿದವರನ್ನು ಕಿಂಚಿತ್ತೂ ಅಳುಕದೆ ತಟ್ಟಿ ಎಬ್ಬಿಸಬಲ್ಲವರೂ ಇದ್ದಾರೆ, ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೂ ಕಿಟಕಿಯೇ ಸರಿ. ನನ್ನಂಥ ದಾಕ್ಷಿಣ್ಯದ ಪ್ರಾಣಿಗಳಿಗೆ ಮೂರು ಗಂಟೆಯೊಳಗಿನ ಹಗಲು ಪ್ರಯಾಣಕ್ಕೆ ಕಿಟಕಿ, ಅದಕ್ಕಿಂತ ಹೆಚ್ಚಾದರೆ ಐಲ್.

ಮುಂದಿನ ತಿಂಗಳು ಹನ್ನೊಂದು ಗಂಟೆಯ ಒಂದು ಪ್ರಯಾಣವಿದೆ. ನಡುವಿನ ಮೂರರಲ್ಲಿ ‘ಡಿ’ ಹಿಡಿದಿದ್ದೇನೆ. ಅಲ್ಲಿಂದ ಮುಂದೆ ಬೆಳಗಿನ ಹೊತ್ತಿನಲ್ಲಿ ಎರಡು ಗಂಟೆ ಹಾರುವ ಸಣ್ಣ ವಿಮಾನ, ಉತ್ತರ ದಿಕ್ಕಿಗೆ. ಅದರಲ್ಲಿ ‘3ಎ’ ಖಾಲಿ ಕಾಣಿಸಿತು. ರೆಕ್ಕೆಗಿಂತ ಮುಂದೆ, ಬಿಸಿಲಿಲ್ಲದ ಬದಿ. ಹತ್ತುವ ಮುಂಚೆ ಶೌಚಾಲಯಕ್ಕೆ ಹೋಗಬೇಕೆಂದು ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ.