ಫ್ಯಾಕ್ಸ್ ಫಾರ್ವರ್ಡ್: ಫೋಲ್ಡರ್‌ಗೆ ಹಾಕಬೇಕೋ, ಮೇಲ್‌ಗೋ, ಎಫ್‌ಟಿಪಿಗೋ?

ಇನ್ನೂ ಫ್ಯಾಕ್ಸ್ ಇದೆಯಾ ಅಂತ ನಗುವವರು ಕಾರವಾರದ ಬಂದರು ಕಡೆ ಒಂದು ಸುತ್ತು ಬರಬೇಕು. ಹಡಗಿನ ಏಜೆನ್ಸಿ ಕೆಲಸ ಮಾಡುವ ನಮ್ಮ ಕಚೇರಿಗೆ ಹೊರದೇಶದ ಕೆಲವು ಪಾರ್ಟಿಗಳು, ಒಂದೆರಡು ಸರ್ಕಾರಿ ಕಚೇರಿಗಳು ಈಗಲೂ ಕಾಗದಪತ್ರ ಕಳಿಸುವುದು ಫ್ಯಾಕ್ಸ್‌ನಲ್ಲೇ. ಬೇಡ ಅನ್ನುವ ಹಾಗಿಲ್ಲ. ಆದರೆ ಅದನ್ನು ಪ್ರಿಂಟ್ ತೆಗೆಯುವುದು ಮಾತ್ರ ಬೇಡವಾಗಿತ್ತು. ಜೂನ್ ಬಂತು ಅಂದರೆ ಟ್ರೇಯಲ್ಲಿಟ್ಟ ಪೇಪರ್ ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗಿ, ಎರಡೆರಡು ಹಾಳೆ ಒಟ್ಟಿಗೆ ಎಳೆದುಕೊಂಡು, ರಾತ್ರಿ ಬಂದ ಫ್ಯಾಕ್ಸ್ ಬೆಳಿಗ್ಗೆ ಜಾಮ್ ಆಗಿ ಕೂತಿರುತ್ತದೆ. ಹಾಗಾಗಿ ಬಂದ ಫ್ಯಾಕ್ಸನ್ನು, ಅದನ್ನು ಹಿಡಿಯುವ ಕಾಪಿಯರ್ ತಾನೇ ನೆಟ್‌ವರ್ಕ್ ಮೇಲೆ ಮುಂದಕ್ಕೆ ಕಳಿಸಲಿ ಅಂತ ಹೊರಟೆವು. ಶಿರಸಿಯ ಬ್ರಾಂಚಿನಲ್ಲೂ ಇದೇ ಏರ್ಪಾಡು. ಎರಡೂ ಕಡೆ ಕಂಪ್ಯೂಟರ್, ಪ್ರಿಂಟರ್ ನೋಡಿಕೊಳ್ಳುವುದು ನನ್ನ ತಲೆಗೇ ಬಿದ್ದಿದೆ. ಹೀಗಾಗಿ ಕಳಿಸುವ ದಾರಿಗಳನ್ನೆಲ್ಲ ಕೂರಿಸಿ, ಕೆಡಿಸಿ, ಸರಿಮಾಡಿ ನೋಡಿದ್ದಾಯಿತು.

ಹೋಲಿಸುವಾಗ ನಾನು ಹೆಚ್ಚು ನೋಡಿದ್ದು ವೇಗ ಅಲ್ಲ. ಫಾರ್ವರ್ಡ್ ಕೆಟ್ಟ ದಿನ ಆ ಫ್ಯಾಕ್ಸ್ ಎಲ್ಲಿ ಹೋಗಿ ಕೂರುತ್ತದೆ, ಕೆಟ್ಟಿದೆ ಅಂತ ಯಾರಿಗೆ ಯಾವಾಗ ಗೊತ್ತಾಗುತ್ತದೆ, ಅದನ್ನು. ಸರಿಯಾಗಿ ನಡೆಯುವ ದಿನ ಎಲ್ಲ ದಾರಿಯೂ ಒಂದೇ, ಅಲ್ವಾ?

ಮೊದಲಿಗೆ ಒಂದು ವಿಷಯ. "ಫಾರ್ವರ್ಡ್ ಆಗ್ತಿಲ್ಲ" ಅಂತ ಬರುವ ದೂರುಗಳಲ್ಲಿ ಸುಮಾರು ದೂರು ಫಾರ್ವರ್ಡಿನದ್ದೇ ಅಲ್ಲ. ನಮ್ಮಲ್ಲಿ ಲೆಕ್ಕ ಬರೆಯುವ ಅಕ್ಕ ಫೋನ್ ಮಾಡುತ್ತಾರೆ, "ತಮಾ, ಕಳಿಸಿದೀವಿ ಅಂತ ಅವರು ಹೇಳ್ತಾರೆ, ಫೋಲ್ಡರ್‌ನಲ್ಲಿ ಏನೂ ಇಲ್ಲ ನೋಡು" ಅಂತ. ಆಗ ನಾನು ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಕಾಪಿಯರ್‌ನ ಜಾಬ್ ಲಾಗ್ ತೆಗೆಯುತ್ತೇನೆ. ಅದರಲ್ಲಿ ಬಂದದ್ದರ ಪಟ್ಟಿ ಬೇರೆ, ಕಳಿಸಿದ್ದರ ಪಟ್ಟಿ ಬೇರೆ ಇರುತ್ತದೆ. ಬಂದದ್ದರಲ್ಲಿ ಓಕೆ ಇದ್ದು ಕಳಿಸಿದ್ದರಲ್ಲಿ ಎರರ್ ಇದ್ದರೆ ತೊಂದರೆ ನೆಟ್‌ವರ್ಕಿನದು. ಬಂದದ್ದರಲ್ಲೇ ಇಲ್ಲದಿದ್ದರೆ ಅದು ಟೆಲಿಫೋನ್ ಲೈನಿನ ಕಥೆ. ಈ ಒಂದು ನೋಟದಿಂದ ಅರ್ಧ ದಿನ ಉಳಿಯುತ್ತದೆ.

ಲೈನಿನ ಕಥೆ ಅಂದೆನಲ್ಲ, ಅದು ಕರಾವಳಿಯಲ್ಲಿ ಒಂದು ಥರ, ಘಟ್ಟದ ಮೇಲೆ ಇನ್ನೊಂದು ಥರ. ಕಾರವಾರದಲ್ಲಿ ತಾಮ್ರದ ಹಳೇ ಲೈನ್. ಉಪ್ಪುಗಾಳಿಗೆ ಗೋಡೆಯ ಸಾಕೆಟ್ಟಿನ ಒಳಗಿನ ತಂತಿ ಹಸಿರು ಹಿಡಿದಿರುತ್ತದೆ. ಮಷಿನ್ ಬಿಚ್ಚಿ ಅದೇ ವೈರಿಗೆ ಸಾದಾ ಫೋನ್ ಹಾಕಿ ಕಿವಿಗಿಟ್ಟರೆ ಕರಕರ ಅನ್ನುತ್ತದೆ. ಸಾಕೆಟ್ ಬದಲಿಸಿದರೆ ಮುಗಿಯಿತು. ಶಿರಸಿಯಲ್ಲಿ ಲೈನ್ ಫೈಬರ್ ಮೇಲೆ ಬರುತ್ತದೆ, ಅಂದರೆ ಧ್ವನಿ ಡೇಟಾ ಪ್ಯಾಕೆಟ್ ಆಗಿ ಹೋಗುತ್ತದೆ. ಮಾತಿಗೆ ಒಂಚೂರು ಪ್ಯಾಕೆಟ್ ಕಳೆದರೂ ಪರವಾಗಿಲ್ಲ, ಫ್ಯಾಕ್ಸಿಗೆ ನಡೆಯುವುದಿಲ್ಲ. ಎರಡೂ ತುದಿಯಲ್ಲಿ ಟಿ.38, ಅಂದರೆ ಇಂಥ ಲೈನಿನಲ್ಲಿ ಫ್ಯಾಕ್ಸ್ ಸಾಗಿಸಲೆಂದೇ ಇರುವ ಪದ್ಧತಿ, ಇದ್ದರೆ ಒಳ್ಳೆಯದು, ಆದರೆ ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಮಷಿನ್ನಿನಲ್ಲಿ ಸೂಪರ್ ಜಿ3, ಅಂದರೆ ಸೆಕೆಂಡಿಗೆ 33,600 ಬಿಟ್‌ನ ವೇಗ ಆಫ್ ಮಾಡಿ, ಸ್ವೀಕರಿಸುವ ವೇಗ 9,600ಕ್ಕೆ ಇಳಿಸುವುದು. ಇಸಿಎಂ ಅನ್ನೂ ಆಫ್ ಮಾಡಿ ಅಂತ ಕೆಲವರು ಹೇಳುತ್ತಾರೆ. ಮಾಡಿದರೆ ಪುಟ ಬೇಗ ಬರುತ್ತದೆ ನಿಜ, ಆದರೆ ತಪ್ಪಾದ ತುಣುಕನ್ನು ಮತ್ತೆ ಕೇಳಿ ತರಿಸುವುದೇ ಇಸಿಎಂ ಕೆಲಸ. ಅದಿಲ್ಲದಿದ್ದರೆ ಅಕ್ಷರದ ಮೇಲೆ ಗೆರೆ ಹಾರಿಹೋಗಬಹುದು. ತೂಕ, ದರ, ಟನ್ನು ಇರುವ ಕಾಗದದಲ್ಲಿ 3 ಹೋಗಿ 8 ಅಂತ ಕಂಡರೆ ಯಾರು ಹೊಣೆ? ನಾನಂತೂ ಇಸಿಎಂ ಆನ್ ಇಟ್ಟೇ ನಡೆಸುತ್ತೇನೆ.

ಇನ್ನು ಹೋಲಿಕೆಗೆ ಬರೋಣ.

ಎಲ್ಲರೂ ಮೊದಲು ಹಿಡಿಯುವ ದಾರಿ ಶೇರ್ಡ್ ಫೋಲ್ಡರ್, ಅಂದರೆ ಎಸ್‌ಎಂಬಿ, ವಿಂಡೋಸ್ ಫೋಲ್ಡರ್ ಹಂಚಿಕೊಳ್ಳುವ ಭಾಷೆ. ಯಾವುದೋ ಒಂದು ಪಿಸಿಯಲ್ಲಿ ಫೋಲ್ಡರ್ ಮಾಡಿ, ಶೇರ್ ಕೊಟ್ಟು, ಅದರ ವಿಳಾಸ ಕಾಪಿಯರ್‌ನಲ್ಲಿ ಬರೆಯುವುದು. ಇದರಲ್ಲಿ ಸುಖ ಏನೆಂದರೆ ಇಂಟರ್ನೆಟ್ಟೇ ಬೇಡ. ಮಳೆಗಾಲದಲ್ಲಿ ಹೆದ್ದಾರಿ ಬದಿ ಎಲ್ಲೋ ಕೇಬಲ್ ಕಡಿದು ನೆಟ್ ಹೋದರೂ ಫ್ಯಾಕ್ಸ್ ಪಿಡಿಎಫ್ ಆಗಿ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ಕಷ್ಟ ಏನೆಂದರೆ ಇದನ್ನು ಕೆಡಿಸುವ ಕೈಗಳು ಜಾಸ್ತಿ.

ಒಂದನೆಯದು, ಹಳೇ ಕಾಪಿಯರ್‌ಗಳಿಗೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ವಿಂಡೋಸ್ 10ರಲ್ಲಿ 2017ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ಪಿಸಿಗಳಲ್ಲಿ, ಹೀಗೆ ಫೈಲ್ ಸ್ವೀಕರಿಸಲು ಬೇಕಾದ ಎಸ್‌ಎಂಬಿ 1ರ ಭಾಗ ತಾನಾಗಿ ಬರುವುದಿಲ್ಲ. ಪಿಸಿ ಬದಲಿಸಿದ ಮರುದಿನವೇ ಫಾರ್ವರ್ಡ್ ನಿಂತರೆ ಹೆಚ್ಚಾಗಿ ಇದೇ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಎಸ್‌ಎಂಬಿ 1 ಮತ್ತೆ ಆನ್ ಮಾಡಿಕೊಡುವ ಮೆಕ್ಯಾನಿಕ್‌ಗಳು ಊರಿಗೊಬ್ಬರು ಸಿಗುತ್ತಾರೆ. ದಯವಿಟ್ಟು ಬೇಡ. 2017ರ ಮೇ ತಿಂಗಳಲ್ಲಿ ವಾನ್ನಕ್ರೈ ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಜಗತ್ತಿನ ತುಂಬ ಓಡಾಡಿದ್ದು ಅದೇ ಕಿಂಡಿಯಿಂದ. ಕಾಪಿಯರ್‌ನ ಫರ್ಮ್‌ವೇರ್‌ಗೆ, ಅಂದರೆ ಅದರೊಳಗಿನ ಸಾಫ್ಟ್‌ವೇರ್‌ಗೆ, ಅಪ್‌ಡೇಟ್ ಇದೆಯಾ ನೋಡಿ, ಎಸ್‌ಎಂಬಿ 2 ಅಥವಾ 3 ಬಂದರೆ ಸರಿ. ಇಲ್ಲದಿದ್ದರೆ ಈ ದಾರಿ ಬಿಟ್ಟುಬಿಡಿ. ವಿಂಡೋಸ್ 11ರ 24ಎಚ್2 ಪ್ರೊದಲ್ಲಿ ಇನ್ನೊಂದು ಗಂಟು. ಎಸ್‌ಎಂಬಿ ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಗುರುತಿನ ಸಹಿ, ಕಡ್ಡಾಯ, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ನುಗ್ಗುವುದೂ ಬಂದ್.

ಎರಡನೆಯದು ಪಾಸ್‌ವರ್ಡ್. ಪಿಸಿಯನ್ನು ಪಿನ್ ಹಾಕಿ ತೆರೆಯುವವರು ಆ ನಾಲ್ಕಂಕಿಯನ್ನೇ ಕಾಪಿಯರ್‌ಗೂ ಹಾಕುತ್ತಾರೆ. ಪಿನ್ ಆ ಪಿಸಿಯ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೇಲೆ ಬರುವವರಿಗೆ ಅದು ಕೆಲಸಕ್ಕೆ ಬಾರದು. ಫ್ಯಾಕ್ಸಿಗೆ ಅಂತಲೇ ಬೇರೆ ಲೋಕಲ್ ಯೂಸರ್ ಮಾಡಿ, ಅವಧಿ ಮುಗಿಯದ ಪಾಸ್‌ವರ್ಡ್ ಕೊಟ್ಟು, ಶೇರ್ ಅನುಮತಿ ಮತ್ತು ಸೆಕ್ಯುರಿಟಿ ಅನುಮತಿ ಎರಡರಲ್ಲೂ ಬರೆಯುವ ಹಕ್ಕು ಕೊಡಬೇಕು. ಒಂದರಲ್ಲಿ ಕೊಟ್ಟು ಇನ್ನೊಂದು ಬಿಟ್ಟರೆ ಲಾಗಿನ್ ಆಗುತ್ತದೆ, ಫೈಲ್ ಮಾತ್ರ ಬೀಳುವುದಿಲ್ಲ. ಕಾಪಿಯರ್‌ನಲ್ಲಿ ಯೂಸರ್ ಹೆಸರನ್ನು ಪಿಸಿಯ ಹೆಸರಿನ ಜೊತೆ, ನಡುವೆ ಹಿಂದಕ್ಕೆ ವಾಲಿದ ಗೀಟು ಹಾಕಿ ಬರೆದರೆ ತಕರಾರು ಕಡಿಮೆ.

ಮೂರನೆಯದು ನಮ್ಮ ಕಡೆಯ ಕರೆಂಟು. ಕರೆಂಟು ಹೋಗಿ ಬಂದರೆ ರೌಟರ್ ಪಿಸಿಗೆ ಬೇರೆ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೊಡಬಹುದು. ಕಾಪಿಯರ್ ಹಳೇ ನಂಬರನ್ನೇ ಹುಡುಕಿಕೊಂಡು ಕೂರುತ್ತದೆ. ರೌಟರ್‌ನಲ್ಲೇ ಆ ಪಿಸಿಗೆ ಐಪಿ ಕಾದಿರಿಸಿಬಿಟ್ಟರೆ ಈ ಕಾಟ ಮುಗಿಯುತ್ತದೆ. ಸಿಡಿಲಿಗೆ ರೌಟರ್ ಸುಟ್ಟು ಹೊಸದು ಹಾಕಿದಾಗ ಇನ್ನೊಂದು ತಮಾಷೆ. ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂತ ತಿಳಿದು ಪಬ್ಲಿಕ್ ಅಂತ ಗುರುತು ಹಾಕಿಬಿಡುತ್ತದೆ, ಶೇರಿಂಗ್ ಬಾಗಿಲು ಮುಚ್ಚುತ್ತದೆ. ಫೋಲ್ಡರ್ ಸರಿ, ಪಾಸ್‌ವರ್ಡ್ ಸರಿ, ಐಪಿ ಸರಿ, ಆದರೂ ಎರರ್! ಪ್ರೈವೇಟ್ ಅಂತ ಬದಲಿಸಿದ ಕೂಡಲೇ ಕ್ಯೂನಲ್ಲಿ ನಿಂತ ಫ್ಯಾಕ್ಸ್‌ಗಳೆಲ್ಲ ಒಂದರ ಹಿಂದೊಂದು ಬಂದು ಬೀಳುತ್ತವೆ, ನೋಡಲಿಕ್ಕೆ ಚಂದ. ಇಷ್ಟೆಲ್ಲ ಆದಮೇಲೂ ಸಂಜೆ ಯಾರಾದರೂ ಪಿಸಿ ಆಫ್ ಮಾಡಿ ಮನೆಗೆ ಹೋದರೆ ಮುಗಿಯಿತು. ಹೊರದೇಶದ ಫ್ಯಾಕ್ಸ್ ಬರುವುದೇ ರಾತ್ರಿ.

ಮೇಲ್ ದಾರಿಯಲ್ಲಿ ಸುಖ ಜಾಸ್ತಿ. ಸಾಹೇಬರು ಗೋವಾದಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಫೋನಿನಲ್ಲೇ ಫ್ಯಾಕ್ಸ್ ನೋಡುತ್ತಾರೆ. ಫ್ಯಾಕ್ಸ್ ಕಪ್ಪು ಬಿಳುಪು ಆದ್ದರಿಂದ ಫೈಲ್ ಚಿಕ್ಕದು, ಜಿಮೇಲ್‌ನ 25 ಎಂಬಿ ಮಿತಿ ಅಡ್ಡ ಬರುವುದು ಅಪರೂಪ. ಕೂರಿಸುವಾಗ ಮಾತ್ರ ತಲೆ ತಿನ್ನುತ್ತದೆ. 2022ರ ಮೇ 30ರಿಂದ ಜಿಮೇಲ್ ಖಾತೆಗೆ ಬರೀ ಹೆಸರು, ಪಾಸ್‌ವರ್ಡ್ ಹಾಕಿ ಮಷಿನ್ ಒಳಗೆ ಹೋಗುವ ಹಾಗಿಲ್ಲ. ಟೂ ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ, 16 ಅಕ್ಷರದ ಆಪ್ ಪಾಸ್‌ವರ್ಡ್ ತೆಗೆದು, ಅದನ್ನು ಕಾಪಿಯರ್‌ಗೆ ಕೊಡಬೇಕು. ತೋರಿಸುವಾಗ ನಾಲ್ಕು ನಾಲ್ಕು ಅಕ್ಷರ ಬಿಡಿಸಿ ತೋರಿಸುತ್ತದೆ, ಹಾಕುವಾಗ ಜಾಗ ಬಿಡದೆ ಹಾಕಿ. ಟಚ್ ಪರದೆಯಲ್ಲಿ ಒತ್ತುತ್ತ ಕೂರಬೇಡಿ. ಕಾಪಿಯರ್‌ನ ಐಪಿಯನ್ನು ಬ್ರೌಸರ್‌ನಲ್ಲಿ ಹಾಕಿದರೆ ಅದರದ್ದೇ ಸೆಟ್ಟಿಂಗ್ ಪುಟ ತೆರೆಯುತ್ತದೆ, ಅಲ್ಲಿ ಪೇಸ್ಟ್ ಮಾಡಿ. ಪೋರ್ಟ್ 587, ಸಂಪರ್ಕವನ್ನು ಗೂಢಲಿಪಿ ಮಾಡುವ ಸ್ಟಾರ್ಟ್‌ಟಿಎಲ್‌ಎಸ್ ಆನ್. 25ನೇ ಪೋರ್ಟನ್ನು ಇಂಟರ್ನೆಟ್ ಕೊಡುವವರು ಎಷ್ಟೋ ಕಡೆ ಮುಚ್ಚಿರುತ್ತಾರೆ, ಅದರ ಸಹವಾಸವೇ ಬೇಡ.

ಇಷ್ಟಾದರೂ ಕಳಿಸದಿದ್ದರೆ ಎರಡು ಕಡೆ ಕಣ್ಣು ಹಾಕಿ. ಒಂದು, ಕಾಪಿಯರ್‌ನಲ್ಲಿ ಡಿಎನ್‌ಎಸ್ ಖಾಲಿ ಇದೆಯಾ. ಐಪಿ ಕೈಯಾರೆ ಕೊಟ್ಟವರು ಡಿಎನ್‌ಎಸ್ ಮರೆಯುತ್ತಾರೆ. ಒಳಗಿನ ಫೋಲ್ಡರ್‌ಗೆ ಕಳಿಸಲು ಅದು ಬೇಕಾಗಿರಲಿಲ್ಲ, ಮೇಲ್ ಸರ್ವರಿನ ಹೆಸರು ಹುಡುಕಲು ಬೇಕೇ ಬೇಕು. ಇನ್ನೊಂದು ಗಡಿಯಾರ. ಹಳೇ ಮಷಿನ್ನು ಕರೆಂಟು ಹೋಗಿ ಬಂದಾಗ ಯಾವುದೋ ಹಳೇ ತಾರೀಖಿಗೆ ಹೋಗಿ ನಿಂತಿರುತ್ತದೆ. ಸರ್ಟಿಫಿಕೇಟ್ ಪರಿಶೀಲಿಸುವ ಮಷಿನ್ ಆದರೆ ಅಲ್ಲಿಗೇ ಸಂಪರ್ಕ ಕಡಿಯುತ್ತದೆ, ಎರರ್ ನೋಡಿದರೆ ಪಾಸ್‌ವರ್ಡ್ ತಪ್ಪು ಅನ್ನಿಸುವ ಹಾಗಿರುತ್ತದೆ. ಟಿಎಲ್‌ಎಸ್ 1.2 ಬಾರದ ಮಷಿನ್ ಆಗಿದ್ದರೆ ಮೇಲ್ ಆಸೆ ಬಿಡುವುದೇ ವಾಸಿ.

ಮೇಲ್‌ನ ದೊಡ್ಡ ಕೊರತೆ ನಮ್ಮ ಊರಿಗೆ ಸೇರಿದ್ದು. ನೆಟ್ ಇಲ್ಲದ ದಿನ ಫ್ಯಾಕ್ಸ್ ಕಾಪಿಯರ್‌ನ ಹೊಟ್ಟೆಯಲ್ಲೇ ಇರುತ್ತದೆ. ಮೆಮೊರಿ ತುಂಬಿದರೆ ಹೊಸ ಫ್ಯಾಕ್ಸ್ ತೆಗೆದುಕೊಳ್ಳುವುದೇ ಇಲ್ಲ. ಕಳಿಸುವವರಿಗೆ ಬಿಝಿ ಅಂತಲೋ ಉತ್ತರ ಇಲ್ಲ ಅಂತಲೋ ಕಾಣುತ್ತದೆ, ನಮಗೆ ಸುದ್ದಿಯೇ ಇಲ್ಲ.

ಫೈಲ್ ಸಾಗಿಸಲೆಂದೇ ಇರುವ ಎಫ್‌ಟಿಪಿ ಹಳೇ ಕಾಲದ್ದು ಅಂತ ನಾನೂ ಮೂಗು ಮುರಿದವನೇ. ಆದರೆ ಎಸ್‌ಎಂಬಿ 1ರಲ್ಲಿ ಸಿಕ್ಕಿಕೊಂಡ ಮಷಿನ್ನಿಗೆ ಇದೇ ಸರಿಯಾದ ದಾರಿ. ಕಚೇರಿಯೊಳಗೆ ಸದಾ ಆನ್ ಇರುವ ಚಿಕ್ಕದೊಂದು ನ್ಯಾಸ್, ಅಂದರೆ ನೆಟ್‌ವರ್ಕಿಗೆ ಕೂರಿಸಿದ ಡಿಸ್ಕ್ ಪೆಟ್ಟಿಗೆ, ಇಟ್ಟು, ಅದರಲ್ಲಿ ಎಫ್‌ಟಿಪಿ ಆನ್ ಮಾಡಿ, 21ನೇ ಪೋರ್ಟ್ ಕೊಟ್ಟರೆ ಆಯಿತು. ವಿಂಡೋಸ್ ಅಪ್‌ಡೇಟ್ ಬಂದು ಕೆಡಿಸುವ ಭಯ ಇಲ್ಲ, ಸಂಜೆ ಆಫ್ ಮಾಡುವವರು ಇಲ್ಲ. ಲಾಗಿನ್ ಆಗಿಯೂ ಫೈಲ್ ಹೋಗದಿದ್ದರೆ ಪ್ಯಾಸಿವ್ ಮೋಡ್ ಬದಲಿಸಿ ನೋಡಿ. ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಹೋಗುತ್ತದೆ, ಆದ್ದರಿಂದ ಕಚೇರಿಯ ಗೋಡೆ ದಾಟಿ ಹೊರಗೆ ಬಿಡಬಾರದು, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಕೊಡಬೇಕು. ನ್ಯಾಸ್ ಮತ್ತು ರೌಟರ್‌ಗೆ ಚಿಕ್ಕ ಯುಪಿಎಸ್ ಬೇಕು. ಕಾಪಿಯರ್‌ಗೆ ಅದು ತಡೆಯುವುದಿಲ್ಲ, ಲೇಸರ್ ಮಷಿನ್ನು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕೂಗಿ ಆಫ್ ಆಗುತ್ತದೆ.

ಪಿಸಿ ಫ್ಯಾಕ್ಸ್ ಅಂತ ಇನ್ನೊಂದು ಇದೆ, ಕಂಪನಿಯ ಸಾಫ್ಟ್‌ವೇರ್ ಹಾಕಿ ಪಿಸಿಗೇ ಇಳಿಸಿಕೊಳ್ಳುವುದು. ಸುಮ್ನೆ ತಲೆಬಿಸಿ. ಆ ಪಿಸಿ, ಆ ಸಾಫ್ಟ್‌ವೇರ್ ಎರಡೂ ಎದ್ದಿರಬೇಕು. ಒಬ್ಬರೇ ಕೂರುವ ಕಚೇರಿಗೆ ಸರಿ ಹೋದೀತು.

ಯಾವ ದಾರಿ ಹಿಡಿದರೂ ಎರಡು ಸೆಟ್ಟಿಂಗ್ ನೋಡಲೇಬೇಕು. ಇಂಥ ನಂಬರಿನಿಂದ ಬಂದದ್ದು ಇಂಥವರಿಗೆ ಅಂತ ನಿಯಮ ಹಾಕುತ್ತೀರಲ್ಲ, ಎಷ್ಟೋ ಮಷಿನ್‌ಗಳು ಅಲ್ಲಿ ನೋಡುವುದು ಕಾಲರ್ ಐಡಿಯನ್ನಲ್ಲ, ಕಳಿಸುವ ಮಷಿನ್ನು ತಾನೇ ಹೇಳಿಕೊಳ್ಳುವ ನಂಬರನ್ನು. ಫ್ಯಾಕ್ಸ್ ಪುಟದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರುತ್ತಲ್ಲ, ಅಂಥದ್ದು. ಆ ಕಡೆಯವರು ಅದನ್ನು ತುಂಬದೆ ಬಿಟ್ಟಿದ್ದರೆ, ಅಥವಾ ಮುಂದೆ 91 ಸೇರಿಸಿದ್ದರೆ ನಿಯಮ ತಾಗುವುದಿಲ್ಲ. ಹಾಗಾಗಿ ಕೊನೆಗೆ "ಉಳಿದ ಎಲ್ಲವೂ" ಅಂತ ಒಂದು ನಿಯಮ ಇರಲೇಬೇಕು. ಎರಡನೆಯದು, ಫಾರ್ವರ್ಡ್ ಆಗದಿದ್ದರೆ ಪ್ರಿಂಟ್ ಮಾಡು ಅನ್ನುವ ಆಯ್ಕೆ. ಅದು ಆನ್ ಇದ್ದರೆ ಟ್ರೇಯಲ್ಲಿ ಕಾಗದ ಕಂಡ ಕೂಡಲೇ ಏನೋ ಕೆಟ್ಟಿದೆ ಅಂತ ಗುಡಿಸಲು ಬರುವ ಅಕ್ಕನಿಗೂ ಗೊತ್ತಾಗುತ್ತದೆ.

ಈಗ ಕಾರವಾರದಲ್ಲಿ ಮೊದಲ ವಿಳಾಸ ನ್ಯಾಸ್, ಎಫ್‌ಟಿಪಿ ಮೂಲಕ. ಎರಡನೆಯದು ಮೇಲ್. ಒಂದೇ ಫ್ಯಾಕ್ಸನ್ನು ಎರಡು ಕಡೆ ಕಳಿಸಲು ನಮ್ಮ ಮಷಿನ್ ಬಿಡುತ್ತದೆ. ಶಿರಸಿಯಲ್ಲಿ ಫ್ಯಾಕ್ಸ್ ಕಡಿಮೆ, ಯಂತ್ರವೂ ಹೊಸದು. ಅಲ್ಲಿ ಬರೀ ಮೇಲ್ ಇಟ್ಟಿದ್ದೇವೆ, ಆಗದಿದ್ದರೆ ಪ್ರಿಂಟ್. ವಿಂಡೋಸ್ ಪಿಸಿಯ ಶೇರ್ಡ್ ಫೋಲ್ಡರ್ ಎರಡೂ ಕಡೆ ತೆಗೆದುಹಾಕಿದ್ದೇನೆ. ಬೇಕು ಅಂತ ಯಾರೂ ಇನ್ನೂ ಕೇಳಿಲ್ಲ.