ತೊಳೆದ ಕಾರು ಒಣಗಿಸಲು ಪಂಚೆ, ಪಿವಿಎ ಬಟ್ಟೆ, ಮೈಕ್ರೋಫೈಬರ್, ಬ್ಲೋವರ್: ಯಾವುದು ವಾಸಿ?

ಕಾರವಾರದಲ್ಲಿ ಕಾರು ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ನಮ್ಮ ಮನೆ ಕೋಡಿಬಾಗ ಕಡೆ, ಬಾವಿ ನೀರಿಗೆ ಸ್ವಲ್ಪ ಉಪ್ಪಿನ ರುಚಿ. ಹನಿ ಹಾಗೇ ಆರಿದರೆ ನೀರು ಮಾತ್ರ ಹೋಗುತ್ತದೆ. ಅದರಲ್ಲಿದ್ದ ಉಪ್ಪು, ಕ್ಯಾಲ್ಸಿಯಂ, ಮೆಗ್ನೀಸಿಯಂ ಪೇಂಟಿನ ಮೇಲೇ ಕೂರುತ್ತವೆ. ನಮ್ಮದು ಕಪ್ಪು ಕಾರು, ಬಿಳಿ ಕಲೆಗಳು ದೂರದಿಂದಲೇ ಕಾಣುತ್ತವೆ. ಅದಕ್ಕೇ ಬಿಸಿಲಲ್ಲಿ ನಿಲ್ಲಿಸಿ ಒಣಗಿಸುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹೆದ್ದಾರಿ 66ರಲ್ಲಿ ಒಂದು ಸುತ್ತು ಹೊಡೆದು ಬರುವುದೂ ಬೇಡ, ಒದ್ದೆ ಕಾರಿಗೆ ಧೂಳು ಮೆತ್ತಿಕೊಳ್ಳುತ್ತದೆ.

ಹಳೇ ಪಂಚೆಗೆ ದುಡ್ಡು ಬೇಡ, ಪ್ರತಿ ಮನೆಯಲ್ಲೂ ಇದೆ. ಒಗೆದು ಒಗೆದು ಮೆತ್ತಗಾದ ಹತ್ತಿ ನೀರನ್ನೂ ಹೀರುತ್ತದೆ. ಆದರೆ ಬಾನೆಟ್, ಟಾಪ್ ಮುಗಿಯುವಷ್ಟರಲ್ಲಿ ಪೂರ್ತಿ ನೆನೆದು, ಆಮೇಲೆ ನೀರನ್ನು ಸುಮ್ನೆ ಆ ಕಡೆ ಈ ಕಡೆ ಸವರುತ್ತದೆ. ತೊಳೆದ ಮೇಲೂ ಎಲ್ಲೋ ಒಂದೆರಡು ಮರಳ ಕಣ ಉಳಿದಿರುತ್ತವೆ ಅಲ್ವಾ? ಪಂಚೆಯ ನೇಯ್ಗೆ ಚಪ್ಪಟೆ, ಕಣ ಒಳಗೆ ಹೋಗಲು ಜಾಗವಿಲ್ಲ. ಪೇಂಟಿನ ಮೇಲೇ ಉಜ್ಜಿ ಸಣ್ಣ ಗೀರು ಬೀಳುತ್ತದೆ.

ಪಿವಿಎ ಬಟ್ಟೆ ಅಂದರೆ ಉದ್ದ ಡಬ್ಬಿಯಲ್ಲಿ ಬರುವ ರಬ್ಬರಿನಂಥ ಬಟ್ಟೆ. ಒಣಗಿದರೆ ಹಪ್ಪಳದ ಹಾಗೆ ಸೆಟೆಯುತ್ತದೆ, ನೆನೆಸಿಯೇ ಬಳಸಬೇಕು. ಹಿಂಡಿದರೆ ಮತ್ತೆ ಹೀರಲು ಸಿದ್ಧ, ಇಡೀ ಕಾರಿಗೆ ಒಂದೇ ಸಾಕು. ಗಾಜಿಗೆ ಇದರಷ್ಟು ಚೆನ್ನಾದದ್ದು ನಾನು ಕಂಡಿಲ್ಲ. ಪೇಂಟಿಗೆ ಮಾತ್ರ ಪಂಚೆಯದೇ ತೊಂದರೆ, ಮೇಲ್ಮೈ ತೀರಾ ನುಣುಪು. ಮಳೆಗಾಲದಲ್ಲಿ ಒದ್ದೆಯಾಗಿ ಡಬ್ಬಿಯಲ್ಲಿಟ್ಟರೆ ಬೂಸ್ಟು ಹಿಡಿದು ವಾಸನೆ ಬರುತ್ತದೆ.

ಒಂದೇ ಒಂದು ವಸ್ತು ಕೊಳ್ಳುವುದಾದರೆ ದೊಡ್ಡ ಮೈಕ್ರೋಫೈಬರ್ ಟವೆಲ್ ಕೊಳ್ಳಿ. ಒರೆಸಲು ಬರುವ ತೆಳು ಬಟ್ಟೆಯಲ್ಲ, ಹೊಸೆದ ಎಳೆಗಳ ದಪ್ಪ ಟವೆಲ್. ಪಾಲಿಯೆಸ್ಟರ್, ಪಾಲಿಅಮೈಡ್ ಸೇರಿಸಿ ಮಾಡಿದ ಸಣ್ಣ ಎಳೆಗಳ ನಡುವೆ ನೀರಿಗೂ ಜಾಗವಿದೆ, ತಪ್ಪಿ ಉಳಿದ ಕಣಕ್ಕೂ ಇದೆ. ಉಜ್ಜಬೇಡಿ. ಬಾನೆಟ್ ಮೇಲೆ ಹಾಸಿ, ಎರಡು ತುದಿ ಹಿಡಿದು ನಿಧಾನ ಎಳೆಯಿರಿ. ಬಾಗಿಲಿಗೆ ಒತ್ತಿ ತೆಗೆದರೆ ಸಾಕು. ಆದರೆ ಇದಕ್ಕೆ ಆರೈಕೆ ಜಾಸ್ತಿ. ಹತ್ತಿ ಬಟ್ಟೆ ಜೊತೆ ಒಗೆದರೆ ಜುಂಗು ಹಿಡಿಯುತ್ತದೆ. ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಿದರೆ ಎಳೆಗೆ ಪದರ ಕಟ್ಟಿ ಹೀರುವ ಗುಣವೇ ಹೋಗುತ್ತದೆ. ಆಷಾಢದಲ್ಲಿ ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಮೇಲೆ ನೇತು ಹಾಕಬೇಡಿ, ಬಿಸಿಗೆ ಎಳೆ ಗಡುಸಾಗುತ್ತದೆ. ಫ್ಯಾನಿನ ಕೆಳಗೆ ಹರವಿ.

ಬ್ಲೋವರ್ ಅಂದರೆ ಜೋರಾಗಿ ಗಾಳಿ ಊದುವ ಯಂತ್ರ. ಅದರಿಂದ ಬಾನೆಟ್ ಒಣಗಿಸಲು ಹೋದರೆ ಸಣ್ಣ ಹನಿಗಳು ಉಳಿದೇ ಉಳಿಯುತ್ತವೆ. ಅದರ ಬೆಲೆ ಗೊತ್ತಾಗುವುದು ಸಂದಿಗಳಲ್ಲಿ. ಸೈಡ್ ಮಿರರ್, ಬಾಗಿಲ ಹಿಡಿ, ಗ್ರಿಲ್, ನಂಬರ್ ಪ್ಲೇಟಿನ ಹಿಂದೆ, ಚಕ್ರದ ನಟ್ಟುಗಳ ಗುಳಿ. ಟವೆಲ್ ಅಲ್ಲಿ ಹೋಗುವುದಿಲ್ಲ. ಒರೆಸಿ ಮುಗಿಸಿದ ಅರ್ಧ ಗಂಟೆಗೆ ಮಿರರ್ ಕೆಳಗಿಂದ ಗೆರೆ ಇಳಿಯುವುದು ಅಲ್ಲಿ ನಿಂತ ನೀರಿನಿಂದಲೇ. ಉಪ್ಪು ಗಾಳಿಯ ಊರಿನಲ್ಲಿ ಹೀಗೆ ನೀರು ನಿಂತರೆ ತುಕ್ಕಿಗೆ ದಾರಿ, ಹಾಗಾಗಿ ಟವೆಲ್ ನಂತರ ನಾನು ಕೊಳ್ಳುವುದು ಇದನ್ನೇ. ಆದರೆ ಅಂಗಳ ನೋಡಿಕೊಳ್ಳಿ. ನಮ್ಮಲ್ಲಿ ಟೈಲ್ಸ್ ಇದೆ, ತೊಂದರೆಯಿಲ್ಲ. ದೇವಿಮನೆ ಘಟ್ಟ ಹತ್ತಿ ಶಿರಸಿಯ ಭಾವನ ಮನೆಗೆ ಹೋದಾಗ ಅವರ ಕೆಂಪು ಮಣ್ಣಿನ ಅಂಗಳದಲ್ಲಿ ಬ್ಲೋವರ್ ಹಚ್ಚುವ ಹಾಗೇ ಇಲ್ಲ, ಎದ್ದ ಧೂಳು ಒದ್ದೆ ಕಾರಿನ ಮೇಲೇ ಕೂರುತ್ತದೆ. ಅಲ್ಲಿ ಟವೆಲ್ಲೇ ಗತಿ. ವೈರಿನ ಬ್ಲೋವರ್ ಆದರೆ ಪ್ಲಗ್ಗು, ಜಾಯಿಂಟು ಒದ್ದೆ ನೆಲ ಮುಟ್ಟಬಾರದು.

ಯಾವುದನ್ನು ಹಿಡಿದರೂ ಮೊದಲು ಪೈಪಿನ ತುದಿಯ ನಾಜಲ್ ತೆಗೆದು, ಕಾರಿನ ಟಾಪಿನಿಂದ ಕೆಳಕ್ಕೆ ನೀರನ್ನು ನಿಧಾನ ಹರಿಯಬಿಡಿ. ಹರಿಯುವ ನೀರು ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ, ವ್ಯಾಕ್ಸ್ ಹಚ್ಚಿದ್ದರೆ ಇನ್ನೂ ಚೆಂದ. ಜೋರು ಮಳೆಯಲ್ಲಿ ಸೂರಿನ ಕೆಳಗೆ ಡ್ರಮ್ಮಿಟ್ಟು ಹಿಡಿದ ತಿಳಿ ನೀರು ಕೊನೆಯ ಸುರಿತಕ್ಕೆ ಬಹಳ ಒಳ್ಳೆಯದು. ಅದರಲ್ಲಿ ಖನಿಜ ತೀರಾ ಕಡಿಮೆ, ಕಲೆ ಬೀಳುವುದು ಅಪರೂಪ.

ಪಂಚೆ ಎಸೆಯಬೇಡಿ. ನಾಲ್ಕೂ ಬಾಗಿಲು ತೆರೆದು ಚೌಕಟ್ಟಿನ ಕೆಳಭಾಗ ಅದರಲ್ಲೇ ಒರೆಸಿ. ಬಾಗಿಲ ಅಡಿಯ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿದೆಯೇ ನೋಡಿ, ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ, ಒಳಗಿನ ನೀರು ಇಳಿದು ಹೋಗಲಿ.