ಯಾರೋ ತುಂಬಿಕೊಟ್ಟ ಹಿತ್ತಾಳೆ ತೋಟಾ ಬಂದೂಕಿಗೆ ಹಾಕಬೇಡಿ

ಹೊಳಲ್ಕೆರೆ, ಚನ್ನಗಿರಿ, ಜಗಳೂರು ಕಡೆ ಬೆಳೆ ಕಾವಲಿಗೆ ಲೈಸೆನ್ಸ್ ಮೇಲೆ ಒಂಟಿ ನಳಿಗೆ ಬಂದೂಕು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಬಲಗಣ್ಣು ಹೋಗುವುದು ಕೂದಲೆಳೆಯಲ್ಲಿ ತಪ್ಪಿದೆ.

ಮೆಕ್ಕೆಜೋಳದ ತೆನೆ ಹಾಲು ತುಂಬುವ ಹೊತ್ತು. ರಾತ್ರಿ ಹಂದಿ ಹಿಂಡು ನುಗ್ಗಿದರೆ ಬೆಳಗ್ಗೆ ಹೊಲ ರೋಣಗಲ್ಲು ಹೊಡೆದ ಹಾಗಿರುತ್ತೆ. ಅನುಮತಿ ಇಲ್ಲದೆ ಹಂದಿಗೆ ಹೊಡೆಯುವ ಹಾಗಿಲ್ಲ, ಗಾಳಿಗೆ ಒಂದು ಹಾರಿಸಿ ಬೆದರಿಸುವುದಷ್ಟೇ. ನನ್ನ ಹತ್ತಿರ ತೋಟಾ, ಅಂದರೆ ಬಂದೂಕಿಗೆ ಹಾಕುವ ಮದ್ದುಗುಂಡು, ಮುಗಿದಿತ್ತು. ದಾವಣಗೆರೆ ಅಂಗಡಿಗೆ ಹೋಗಿ ಲೈಸೆನ್ಸ್ ಪುಸ್ತಕದಲ್ಲಿ ಬರೆಸಿ ತರಬೇಕು, ಕಳೆ ಕೆಲಸದಲ್ಲಿ ಆಗಿರಲಿಲ್ಲ. ಆಗ ಪರಿಚಯದವರೊಬ್ಬರು ಹನ್ನೆರಡು ಬೋರಿನ (ಬೋರು ಅಂದರೆ ನಳಿಗೆಯ ಅಳತೆ) ಆರು ಹಿತ್ತಾಳೆ ತೋಟಾ ಕೊಟ್ಟು, "ಹಳೇ ಕೇಸು, ಅಚ್ಚಿಗೆ ಹಾಕಿ ಸೈಜ್ ಮಾಡಿ ತುಂಬೀನಿ, ಏನೂ ಆಗಲ್ಲ ತಗೊಳಪ್ಪ" ಅಂದರು. ಕೇಸು ಅಂದರೆ ತೋಟಾದ ಹಿತ್ತಾಳೆ ಕೊಳವೆ, ಹಾರಿ ಹಿಗ್ಗಿದ್ದನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತರುವುದೇ ಸೈಜ್ ಮಾಡುವುದು. ತಗೊಂಡೆ.

ಮೊದಲನೆಯದು ಸಲೀಸಾಗಿ ಕೂತು ಹಾರಿತು. ಎರಡನೆಯದು ಬುಡದ ಅಂಚು ಇನ್ನೂ ಅರ್ಧ ಬೆರಳು ಹೊರಗಿರುವಾಗಲೇ ನಿಂತುಬಿಟ್ಟಿತು. ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ಮಡಚಿದ್ದ ನಳಿಗೆಯನ್ನು ಮೊಣಕಾಲಿಗೆ ಕೊಟ್ಟು ಅದುಮಿದಾಗ ಕಟ್ ಅಂತ ಮುಚ್ಚಿತು, ಆದರೆ ನಳಿಗೆಗೆ ಬೀಗ ಹಾಕುವ ಲಿವರ್ ಪೂರ್ತಿ ನಡುವಿಗೆ ಬಂದಿರಲಿಲ್ಲ. ಕತ್ತಲಲ್ಲಿ ಅದನ್ನು ನೋಡಲಿಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆದ ತಕ್ಷಣ ಸದ್ದಿನ ಜೊತೆಗೇ ಬಿಸಿ ಗಾಳಿ ಮುಖಕ್ಕೆ ರಾಚಿತು. ಕೆನ್ನೆ ಉರಿ, ಕಣ್ಣು ಬಿಡೋಕಾಗಲ್ಲ, ಬಾಯೆಲ್ಲಾ ಮದ್ದಿನ ಕಹಿ. ನನ್ನ ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ದಾವಣಗೆರೆಗೆ ಕರೆದೊಯ್ದ. ಡಾಕ್ಟರು ರೆಪ್ಪೆಯ ಒಳಗಿಂದ ಹಿತ್ತಾಳೆಯ ಒಂದು ಚೂರು ತೆಗೆದರು, ಜೋಳದ ಕಾಳಿನ ಕಾಲು ಭಾಗದಷ್ಟು.

ಕೇಸು ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಬಂದೂಕು ರಿಪೇರಿ ಮಾಡುವ ಹಿರಿಯರು ಅದನ್ನು ಹೊರಗೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬುಡದ ಅಂಚಿನಿಂದ ಮೇಲಕ್ಕೆ ಸೀಳಿತ್ತು, ಸೀಳಿನ ಎರಡೂ ಬದಿ ಮಸಿ. ಉಳಿದ ನಾಲ್ಕಕ್ಕೂ ವರ್ನಿಯರ್ ಅಳತೆಗೋಲು ಹಿಡಿದು ತೋರಿಸಿದರು: ಬಾಯಿ ಕಡೆ ಎಲ್ಲಾ ಒಂದೇ ಅಳತೆ, ಬುಡದ ಹತ್ತಿರ ಒಂದೊಂದು ಒಂದೊಂದು ಥರ. "ಅಚ್ಚು ಅರ್ಧಕ್ಕೇ ಇಳಿಸ್ಯಾರೆ. ಬುಡದ ಉಬ್ಬು ಹಂಗೇ ಐತಿ ನೋಡು" ಅಂದರು.

ಅವರು ಬಿಡಿಸಿ ಹೇಳಿದ್ದು ಇದು. ಗುಂಡು ಹಾರಿದಾಗ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟುತ್ತೆ, ಆಮೇಲೆ ಸ್ವಲ್ಪ ಕುಗ್ಗುತ್ತೆ, ಪೂರ್ತಿ ಮೊದಲಿನ ಅಳತೆಗೆ ಬರುವುದಿಲ್ಲ. ಅದೇ ಬಂದೂಕಿನಲ್ಲಾದರೆ ಆ ಕೇಸು ಮತ್ತೆ ಕೂರಬಹುದು. ಬೇರೊಬ್ಬರ ಬಂದೂಕಿನಲ್ಲಿ ತೋಟಾ ಕೂರುವ ಗೂಡು ಕೂದಲಷ್ಟು ಅಗಲವಿದ್ದರೂ ಅಲ್ಲಿ ಹಿಗ್ಗಿದ್ದು ನಮ್ಮದರಲ್ಲಿ ಸಿಕ್ಕಿಕೊಳ್ಳುತ್ತೆ. ಸರಿಯಾಗಿ ಸೈಜ್ ಮಾಡುವುದೆಂದರೆ ಬುಡದವರೆಗೂ ಅಳತೆಗೆ ತರಬೇಕು, ದಪ್ಪ ಹಿತ್ತಾಳೆ ಇರುವುದು ಅಲ್ಲೇ, ಮಣಿಯದಿರುವುದೂ ಅಲ್ಲೇ. ಪ್ರತಿ ಸಲ ಹಿಗ್ಗಿಸಿ ಕುಗ್ಗಿಸಿದಂತೆ ಹಿತ್ತಾಳೆ ಗಡುಸಾಗಿ ಕೊನೆಗೆ ಬಿರಿಯುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ನನ್ನ ಕೈಲಿದ್ದ ಕೇಸು ಎಷ್ಟು ಸಲ ಹಾರಿತ್ತೋ ಕೊಟ್ಟವರಿಗೂ ಗೊತ್ತಿರಲಿಲ್ಲ.

ಮಡಚುವ ಒಂಟಿ ನಳಿಗೆಯಲ್ಲಿ ಬಿಗಿ ಕೇಸನ್ನು ಒಳಗೆ ತಳ್ಳುವ ಬಲವೂ ಕಮ್ಮಿ, ಹೊರಗೆ ಎಳೆಯುವ ಬಲವೂ ಕಮ್ಮಿ. ಆ ಬಲವನ್ನು ನಾವು ಮೊಣಕಾಲಿನಿಂದ ಕೊಡಲು ಹೋದರೆ ಬೀಗ ಅರ್ಧ ಬಿದ್ದ ಬಂದೂಕು ಕೆನ್ನೆಗೆ ಒರಗಿರುತ್ತೆ. ತೋಟಾ ತನ್ನ ತೂಕಕ್ಕೇ ಜಾರಿ ಅಂಚಿನವರೆಗೆ ಕೂರಬೇಕು. ಕೂರಲಿಲ್ಲವೋ, ನಳಿಗೆಯನ್ನು ಹೊಲದ ಕಡೆ ಇಟ್ಟುಕೊಂಡೇ ಹೊರತೆಗೆದು ಪಕ್ಕಕ್ಕಿಡಿ. ಅಂಗಡಿಯ ಹೊಸ ತೋಟಾಗೂ ಇದೇ ಮಾತು.

ಇನ್ನೊಂದು ವಿಷಯ ಆಸ್ಪತ್ರೆಯಿಂದ ಬಂದ ಮೇಲೆ ತಿಳಿಯಿತು. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು, ಮಾರುವುದು 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಅಪರಾಧ. ಬಂದೂಕಿನ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಮನೆಯಲ್ಲಿ ತುಂಬಿಕೊಳ್ಳಬಹುದು ಅಂತ ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ಉಳಿದ ನಾಲ್ಕನ್ನೂ ಠಾಣೆಗೆ ಒಪ್ಪಿಸಿ ನಡೆದದ್ದನ್ನು ಬರೆದುಕೊಟ್ಟಿದ್ದೇನೆ. ಕೊಟ್ಟವರ ಮನೆಗೂ ಹೋಗಿ ಕೆನ್ನೆ ತೋರಿಸಿ ಬಂದೆ. ಅವರ ಹತ್ತಿರ ತಗೊಂಡವರು ಇನ್ನೂ ಇಬ್ಬರಿದ್ದಾರಂತೆ, ಒಬ್ಬರು ಸಿಕ್ಕರು. ಇನ್ನೊಬ್ಬರು ಚನ್ನಗಿರಿ ಕಡೆಯವರು, ಅಡಿಕೆ ತೋಟದವರು. ಇದು ಅವರ ಕಣ್ಣಿಗೆ ಬಿದ್ದರೆ, ಅಣ್ಣಾ, ಆ ತೋಟಾ ಹಾಕಬೇಡಿ.